ಆಟ ಯಾರದು, ಕೊಳಗ ಯಾರದು?

ದುಡಿಮೆಯಲ್ಲಿ ಆಟಪಾಟಕ್ಕೆ ಎಡೆಯಿರಕೂಡದೆಂದು ಹೇಳುವ ಗಂಟುಮೋರೆಯವರು ನಾವಲ್ಲ. ನಮ್ಮ ತಾಯಂದಿರು ಬೀಸುಕಲ್ಲಿನ ಮುಂದೆ ಕುಳಿತು ಪದ ಹೇಳಿಕೊಂಡೇ ರಾಗಿ ಬೀಸಿದರು. ಕಣದಲ್ಲಿ ಹಂತಿ ಹೊಡೆದವರು ರಾತ್ರಿಯೆಲ್ಲ ಹಾಡಿ ಬೆಳಗು ಮಾಡಿದರು. ನಾಟಿಯ ಗದ್ದೆಯಲ್ಲಿ ಹೆಣ್ಣಾಳುಗಳು ಸಾಲಿಗೆ ಸಾಲು ಪೈಪೋಟಿ ನಡೆಸಿ ನಕ್ಕರು. ಆ ಹಾಡಿನ ಲಯ ದುಡಿಯುವವರ ಉಸಿರಿಗೆ ಹೊಂದಿಕೊಂಡಿತ್ತು. ಕೈ ಸೋತರೆ ಹಾಡೂ ನಿಧಾನವಾಗುತ್ತಿತ್ತು, ಬೇಡವೆನಿಸಿದರೆ ನಿಲ್ಲುತ್ತಿತ್ತು. ದುಡಿಯುವವರೇ ಕಟ್ಟಿಕೊಂಡ ಆಟ ಅದು. ದಣಿವು ಮರೆಯುವುದಕ್ಕೆ ಹುಟ್ಟಿದ್ದು.

ಇಂದು ದುಡಿಮೆಯೊಳಕ್ಕೆ ಬಂದಿರತಕ್ಕ ಆಟ ಬೇರೆ ಬಗೆಯದು. ಅದನ್ನು ಕಟ್ಟಿದವನು ಆಡುವುದಿಲ್ಲ. ಆಡುವವನಿಗೆ ಅದರ ನಿಯಮ ಪೂರ್ತಿ ತಿಳಿಯದು. ಬೇಡವೆಂದು ಎದ್ದುಹೋಗುವಂತೆಯೂ ಇಲ್ಲ, ಏಕೆಂದರೆ ಎದ್ದುಹೋದರೆ ಒಲೆ ಹೊತ್ತುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಗೇಮಿಫಿಕೇಶನ್ ಎಂಬ ದೊಡ್ಡ ಹೆಸರಿದೆ. ಆಟವಲ್ಲದ ಕೆಲಸಕ್ಕೆ ಆಟದ ವೇಷ ತೊಡಿಸುವುದು ಎಂದು ಅದರ ಸರಳಾರ್ಥ. ಅಂಕ, ನಕ್ಷತ್ರ, ಪದಕ, ಚಿನ್ನ ಬೆಳ್ಳಿಯ ದರ್ಜೆ, ಪಟ್ಟಿಯಲ್ಲಿ ಮೇಲು ಕೆಳಗು, ಉಜ್ಜಿ ನೋಡುವ ಚೀಟಿ, ಇವೆಲ್ಲ ಅದರ ಸಲಕರಣೆಗಳು.

ಅದು ಎಲ್ಲಿದೆಯೆಂದು ಕೇಳುವವರು ಊಟದ ಚೀಲ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಓಡುವ ಡೆಲಿವರಿ ಹುಡುಗರನ್ನು ಒಂದು ನಿಮಿಷ ನಿಲ್ಲಿಸಿ ಮಾತನಾಡಿಸಲಿ. ಅವರಲ್ಲಿ ಎಷ್ಟೋ ಮಂದಿ ಗಿರಣಿ ಕಾರ್ಮಿಕರ ಮನೆಯ ಮಕ್ಕಳೇ. ಇಷ್ಟು ಆರ್ಡರು ಮುಗಿಸಿದರೆ ಇಷ್ಟು ಇನ್ಸೆಂಟಿವ್ ಎಂದು ಮೊಬೈಲಿನ ಪರದೆಯ ಮೇಲೆ ಮೆಟ್ಟಿಲು ಕಟ್ಟಿಟ್ಟಿರುತ್ತಾರೆ. ಮೆಟ್ಟಿಲಿಗೆ ಒಂದು ಆರ್ಡರು ಕಡಮೆಯಾದರೂ ಆ ಹಣ ಕೈಗೆ ಬಾರದು. ಗಿರಾಕಿ ಒತ್ತುವ ನಕ್ಷತ್ರ ಇಳಿದರೆ ದರ್ಜೆ ಇಳಿಯಬಹುದು. ದರ್ಜೆ ಇಳಿದರೆ ಒಳ್ಳೆಯ ವೇಳೆಯ ಕೆಲಸ ಇನ್ನೊಬ್ಬನ ಪಾಲಾಗಬಹುದು. ತೀರ ಇಳಿದರೆ ಐಡಿ ಬ್ಲಾಕ್. ಗಿರಣಿಯಲ್ಲಿ ಕೆಲಸದಿಂದ ತೆಗೆಯಬೇಕಾದರೆ ಒಂದು ಕಾಗದವಾದರೂ ಬರುತ್ತಿತ್ತು. ಇಲ್ಲಿ ಪರದೆ ಸುಮ್ಮನಾಗುತ್ತದೆ. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಇಂಥ ಬಿಡಿಗೆಲಸದ ದುಡಿಮೆಗಾರರು 77 ಲಕ್ಷ. 2029-30ರ ಹೊತ್ತಿಗೆ ಅವರು 2 ಕೋಟಿ 35 ಲಕ್ಷವಾಗುವರೆಂದು ಅಂದಾಜು. ಆದುದರಿಂದ ಇದು ನಾಲ್ಕು ಹುಡುಗರ ಗೋಳೆಂದು ತಳ್ಳಿಹಾಕತಕ್ಕ ವಿಷಯವಲ್ಲ.

ಗಿರಣಿಯಲ್ಲಿ ಹುಟ್ಟಿದ ವಿದ್ಯೆ

ಇದು ಹೊಸ ಕಾಲದ ಹೊಸ ಶೋಧವೆಂದು ಕಂಪನಿಗಳು ಹೇಳಿಕೊಳ್ಳುತ್ತವೆ. ಗಿರಣಿಯವರಿಗೆ ಇದು ಇನ್ನೂರು ವರ್ಷದ ಹಳೆಯ ನೆಂಟ. ರಾಬರ್ಟ್ ಓವೆನ್ 1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಹತ್ತಿ ಗಿರಣಿಯ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅಲ್ಲಿ ಪ್ರತಿಯೊಬ್ಬ ಕೆಲಸಗಾರನ ಬಳಿ ನಾಲ್ಕು ಮುಖದ ಒಂದು ಸಣ್ಣ ಮರದ ತುಂಡನ್ನು ತೂಗುಹಾಕಿಸಿದರು. ಒಂದೊಂದು ಮುಖಕ್ಕೆ ಒಂದೊಂದು ಬಣ್ಣ. ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಕಪ್ಪು, ಸಾಧಾರಣವಾದರೆ ನೀಲಿ, ಒಳ್ಳೆಯದಾದರೆ ಹಳದಿ, ಅತ್ಯುತ್ತಮವಾದರೆ ಬಿಳಿ. ಅದಕ್ಕೆ 'ಮೌನ ಮೇಲ್ವಿಚಾರಕ' ಎಂದು ಹೆಸರು. ದಿನದಿನದ ಬಣ್ಣ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಓವೆನ್ ಸಾಲಿನ ನಡುವೆ ನಡೆದುಹೋದರೆ ಸಾಕು, ಬಾಯಿ ತೆರೆಯದೆಯೇ ಎಲ್ಲರ ಲೆಕ್ಕ ಕಣ್ಣಿಗೆ ಬೀಳುತ್ತಿತ್ತು.

ಓವೆನ್ ಸಾಮಾನ್ಯ ಧಣಿಯಲ್ಲ. ಸಮಾಜವಾದದ ಮನೆಯ ಹಿರಿಯರಲ್ಲೊಬ್ಬರು. ಏಟು ಹೊಡೆದು ಕೆಲಸ ತೆಗೆಯುವ ಪದ್ಧತಿಯನ್ನು ಬಿಡಿಸಿದರು, ಹತ್ತು ವರ್ಷಕ್ಕೆ ಕೆಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು, ದುಡಿಮೆಯ ಹೊತ್ತನ್ನು ಇಳಿಸಿದರು. ತನ್ನ ಬಣ್ಣ ಅನ್ಯಾಯದ್ದೆಂದು ತೋರಿದ ಕೆಲಸಗಾರ ನೇರವಾಗಿ ಅವರ ಬಳಿಗೇ ಹೋಗಿ ದೂರಬಹುದಾಗಿತ್ತು. ಇಂದಿನ ಕಂಪನಿಗಳಿಗಿಂತ ಇದು ಎಷ್ಟೋ ಮೇಲು. ಆದರೂ ಒಂದು ಮಾತು ಹೇಳಲೇಬೇಕು. ಬಣ್ಣ ತಿರುಗಿಸುವ ಕೈ ಧಣಿಯ ಕಡೆಯದಾಗಿತ್ತು. ಮೇಲ್ವಿಚಾರಕನು ಕೆಲಸಗಾರನಿಗೆ ಬಣ್ಣ ಹಾಕಬಹುದಿತ್ತು. ಕೆಲಸಗಾರನು ಮೇಲ್ವಿಚಾರಕನಿಗೆ ಹಾಕುವಂತಿರಲಿಲ್ಲ.

ಇಷ್ಟಾಗಿಯೂ ಓವೆನ್ನರಿಗೆ ಕಾರ್ಮಿಕರ ವಿಶ್ವಾಸವನ್ನು ಗಳಿಸಿಕೊಟ್ಟದ್ದು ಆ ಮರದ ತುಂಡೆಂದು ಯಾರೂ ಭಾವಿಸಬೇಕಾಗಿಲ್ಲ. 1807ರ ಸುಮಾರಿಗೆ ಅಮೆರಿಕವು ರಫ್ತು ತಡೆದು ಹತ್ತಿ ಬರುವುದು ನಿಂತಾಗ ಬೇರೆ ಗಿರಣಿಗಳವರು ಆಳುಗಳನ್ನು ಬೀದಿಗೆ ಬಿಟ್ಟರು. ನ್ಯೂ ಲ್ಯಾನಾರ್ಕಿನಲ್ಲಿ ಯಂತ್ರಗಳನ್ನು ಒರೆಸಿ ಶುಚಿಯಾಗಿಡುವುದನ್ನು ಬಿಟ್ಟು ಬೇರೆ ಕೆಲಸವಿಲ್ಲದ ನಾಲ್ಕು ತಿಂಗಳು ಪೂರ್ತಿ ಕೂಲಿ ಕೊಟ್ಟರು. ಜನರ ಮನಸ್ಸು ಒಲಿದದ್ದು ಆಗ ಎಂದು ಓವೆನ್ನರೇ ಬರೆದಿದ್ದಾರೆ. ಬಣ್ಣ ಹಚ್ಚಿ ನಂಬಿಕೆ ಗಳಿಸಲಾಗದು. ಕೂಲಿ ಕೊಟ್ಟು ಗಳಿಸಬಹುದು. ಇಂದು ಪದಕ ಹಂಚುವ ಕಂಪನಿಗಳು ಈ ಎರಡನೆಯ ಪಾಠವನ್ನು ಮಾತ್ರ ಓದಲಿಲ್ಲ.

ನಮ್ಮವರೇ ಎನಿಸಿಕೊಂಡವರು ಮಾಡಿದ್ದು

ಈ ತಪ್ಪು ಬಂಡವಾಳಗಾರರದು ಮಾತ್ರವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸೋವಿಯತ್ ದೇಶದಲ್ಲಿ ಕೆಂಪು ಬಾವುಟದ ಕೆಳಗೇ ಇದು ನಡೆಯಿತು. 1935ರ ಆಗಸ್ಟ್ 30ರ ರಾತ್ರಿ ಡಾನ್‌ಬಾಸಿನ ಗಣಿಯೊಂದರಲ್ಲಿ ಅಲೆಕ್ಸಿ ಸ್ತಖಾನೋವ್ ಎಂಬ ಕಾರ್ಮಿಕ ಒಂದೇ ಪಾಳಿಯಲ್ಲಿ 102 ಟನ್ ಕಲ್ಲಿದ್ದಲು ಕಡಿದನೆಂದು ದೇಶವೆಲ್ಲ ಡಂಗುರವಾಯಿತು. ನಿಗದಿಯಾದ ಪ್ರಮಾಣ 7 ಟನ್. ಅವನು ಕಡಿಯುವುದೊಂದನ್ನೇ ನೋಡಿಕೊಳ್ಳುವಂತೆ, ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸಕ್ಕೆ ಬೇರೆ ಇಬ್ಬರನ್ನು ಜೊತೆಗೆ ಬಿಟ್ಟಿದ್ದರು. ಪದಕ ಬಂದದ್ದು, ಹೆಸರು ಉಳಿದದ್ದು ಒಬ್ಬನಿಗೆ.

ಆಮೇಲೆ ಆದದ್ದೇನು? ಊರೂರಿನಲ್ಲಿ, ಕಾರ್ಖಾನೆ ಕಾರ್ಖಾನೆಯಲ್ಲಿ ಸ್ತಖಾನೋವರನ್ನು ಹುಡುಕಿದರು. 1936ರಲ್ಲಿ ಕೈಗಾರಿಕೆಗಳ ಕೆಲಸದ ಪ್ರಮಾಣವನ್ನೇ ಏರಿಸಿದರು. ನಿನ್ನೆ ವೀರನ ಸಾಧನೆಯೆನಿಸಿದ ದಿಕ್ಕಿಗೆ ಇಂದು ಎಲ್ಲರನ್ನೂ ದೂಡಿದರು. ಮುಷ್ಕರ ಹೂಡುವ ಸ್ವಾತಂತ್ರ್ಯವಿಲ್ಲದ ಕಡೆ ಪೈಪೋಟಿಯ ಆಟ ಹೂಡಿದರೆ ಹೀಗಲ್ಲದೆ ಬೇರೆ ಹೇಗಾದೀತು? ಕಾರ್ಮಿಕನ ಹೆಸರಿನಲ್ಲಿಯೇ ರಾಜ್ಯ ನಡೆಯಲಿ, ಅಳತೆಗೋಲು ಕಾರ್ಮಿಕನ ಕೈಯಲ್ಲಿ ಇಲ್ಲದಿದ್ದರೆ ಅದು ಅವನ ಬೆನ್ನಿನ ಮೇಲೆಯೇ ಬೀಳುತ್ತದೆ. ಪೀಸ್ ರೇಟಿನಲ್ಲಿ ದುಡಿದವರಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಚುರುಕಿನವನು ಹೆಚ್ಚು ತೆಗೆದ ತಿಂಗಳ ಮಾರನೆಯ ತಿಂಗಳೇ ಎಲ್ಲರ ದರ ಇಳಿಯಬಹುದೆಂಬ ಭಯ ಗಿರಣಿಯಷ್ಟೇ ಹಳೆಯದು. 1928ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರ ಹಿಂದೆ, ಎರಡು ಮಗ್ಗ ನೋಡುವ ನೇಕಾರ ಮೂರು ಮಗ್ಗ ನೋಡಲಿ ಎಂಬ ಧಣಿಗಳ ಹೊಸ ಲೆಕ್ಕವೂ ಇತ್ತು.

ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ

ಈಗ ಮರದ ತುಂಡಿನ ಜಾಗಕ್ಕೆ ಪರದೆ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡಿನ ಹೋಟೆಲುಗಳಿವೆ. ಮಕ್ಕಳ ನಗೆಗೆ ಹೆಸರಾದ ಸ್ಥಳ. ಆ ಹೋಟೆಲುಗಳ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವವರ ಹೆಸರು ಮತ್ತು ವೇಗವನ್ನು ಎಲ್ಲರಿಗೂ ಕಾಣುವಂತೆ ದೊಡ್ಡ ಪರದೆಗಳ ಮೇಲೆ ತೋರಿಸುತ್ತಿದ್ದ ಸಂಗತಿ 2011ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಬಯಲಾಯಿತು. ಕಂಪನಿಯವರು ಅದಕ್ಕೆ ಏನು ಹೆಸರಿಟ್ಟಿದ್ದರೋ, ಕೆಲಸಗಾರರು ಇಟ್ಟ ಹೆಸರು 'ವಿದ್ಯುತ್ ಚಾವಟಿ'. ಪಟ್ಟಿಯಲ್ಲಿ ಕೆಳಗಿಳಿದೇನೆಂದು ಅಂಜಿ ಕೆಲವರು ಮೂತ್ರ ವಿಸರ್ಜನೆಗೂ ಹೋಗದೆ ದುಡಿಯುತ್ತಿದ್ದರೆಂದು ಆ ವರದಿಯಲ್ಲಿತ್ತು. ಬಸುರಿ ಹೆಂಗಸೂ ಪ್ರಾಯದ ಹುಡುಗನೂ ಒಂದೇ ಪಟ್ಟಿಯಲ್ಲಿ ನಿಂತರೆ ಆ ಓಟದಲ್ಲಿ ಗೆಲ್ಲುವವರು ಯಾರೆಂದು ಊಹಿಸಲು ಜಾಣತನ ಬೇಕಿಲ್ಲ.

ಅಮೆಜಾನ್ ಕಂಪನಿಯ ಗೋದಾಮುಗಳಲ್ಲಿ ಸಾಮಾನು ಆರಿಸಿ ತುಂಬುವವರ ಮುಂದೆ ಆಟದ ಪರದೆ ಇಟ್ಟಿರುವ ಸುದ್ದಿ 2019ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಬಂತು. ಕೈ ಚುರುಕಾದಷ್ಟೂ ಪರದೆಯ ಮೇಲೆ ಕಾರು ಮುಂದೆ ಓಡುತ್ತದೆ, ಕೋಟೆ ಮೇಲಕ್ಕೆ ಏಳುತ್ತದೆ. ಆಡುವುದು ಬಿಡುವುದು ಅವರವರ ಇಷ್ಟವೆಂದು ಕಂಪನಿ ಹೇಳಿತು. ಇರಬಹುದು. ಆದರೆ ಗಂಟೆಗೆ ಎಷ್ಟು ಸಾಮಾನು ಎಂಬ ಲೆಕ್ಕ ಯಾರ ಇಷ್ಟಕ್ಕೂ ಬಿಟ್ಟಿದ್ದಲ್ಲ. ಆಟ ಮುಗಿದ ಮೇಲೆ ಪರದೆಯ ಕೋಟೆ ಅಳಿಸಿಹೋಗುತ್ತದೆ. ಹೆಚ್ಚಾಗಿ ತುಂಬಿದ ಪೆಟ್ಟಿಗೆಯ ಲಾಭ ಅಳಿಸುವುದಿಲ್ಲ, ಧಣಿಯ ಖಾತೆಗೆ ಸೇರುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ.

ಊಬರ್ ಬಾಡಿಗೆ ಕಾರಿನ ಕಂಪನಿಯ ರೀತಿಯನ್ನು 2017ರಲ್ಲಿ ನ್ಯೂಯಾರ್ಕ್ ಟೈಮ್ಸ್ ವಿವರವಾಗಿ ಬರೆಯಿತು. ಇವತ್ತಿಗೆ ಸಾಕೆಂದು ಲಾಗೌಟ್ ಆಗಲು ಹೊರಟ ಚಾಲಕನ ಮೊಬೈಲಿನಲ್ಲಿ, ಇನ್ನು ಇಷ್ಟು ಡಾಲರ್ ದುಡಿದರೆ ಗುರಿ ಮುಟ್ಟಿತು, ನಿಜವಾಗಿ ನಿಲ್ಲಿಸುವೆಯಾ ಎಂಬ ಪ್ರಶ್ನೆ ಮೂಡುತ್ತಿತ್ತು. ಗುರಿಯನ್ನು ಇಟ್ಟವರು ಕಂಪನಿಯವರು. ಕಣ್ಣು ಎಳೆದರೂ ಗಾಡಿ ಓಡಿಸಬೇಕಾದವನು ಚಾಲಕ. ಹಿಂದೆ ಮುಕಾದಮನು ಬಾಗಿಲಿಗೆ ಅಡ್ಡ ನಿಂತು 'ಇನ್ನೊಂದು ಗಂಟೆ ಇರು' ಎಂದು ಗದರುತ್ತಿದ್ದ. ಅವನಿಗೆ ಎದುರು ಮಾತನಾಡಬಹುದಾಗಿತ್ತು, ನಾಲ್ಕು ಜನ ಸೇರಿ ಘೇರಾವ್ ಮಾಡಬಹುದಾಗಿತ್ತು. ಪರದೆಗೆ ಘೇರಾವ್ ಮಾಡುವುದು ಹೇಗೆ?

ಪಾರಿವಾಳದ ಕಾಳು, ಅಂಗಡಿಯ ಚೀಟಿ

ಮನುಷ್ಯ ಇಂಥ ಆಟಕ್ಕೆ ಏಕೆ ಸಿಕ್ಕಿಬೀಳುತ್ತಾನೆ? ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ತಮ್ಮ ಪ್ರಯೋಗಗಳ ದೊಡ್ಡ ಪುಸ್ತಕವೊಂದನ್ನು ಪ್ರಕಟಿಸಿದರು. ಪಾರಿವಾಳವು ಒಂದು ಗುಂಡಿಯನ್ನು ಕುಟುಕಿದರೆ ಕಾಳು ಬೀಳುವ ಏರ್ಪಾಡು. ಎಷ್ಟು ಸಲ ಕುಟುಕಿದರೆ ಕಾಳು ಬೀಳುವುದೆಂದು ಗೊತ್ತಾಗದಂತೆ, ಒಮ್ಮೆ ಬೇಗ ಒಮ್ಮೆ ತಡವಾಗಿ ಬೀಳಿಸಿದಾಗ ಪಾರಿವಾಳ ಎಡೆಬಿಡದೆ ಕುಟುಕುತ್ತದೆಯೆಂದು ಕಂಡುಬಂತು. ಜೂಜಿನ ಅಡ್ಡೆ ನಡೆಸುವವರಿಗೆ ಈ ಗುಟ್ಟು ಪುಸ್ತಕ ಓದದೆಯೇ ತಿಳಿದಿತ್ತು. ಈಗ ಅದು ದೊಡ್ಡ ಕಂಪನಿಗಳ ಕೈಗೆ ಬಂದಿದೆ.

ಸಣ್ಣ ವ್ಯಾಪಾರಿಗಳು ಈ ಮಾತನ್ನು ತಮ್ಮ ಗಲ್ಲಾಪೆಟ್ಟಿಗೆಯ ಮುಂದೆಯೇ ಕಂಡಿದ್ದಾರೆ. 2017ರಲ್ಲಿ ಗೂಗಲ್ ಕಂಪನಿಯು ತೇಜ್ ಎಂಬ ಹೆಸರಿನಲ್ಲಿ ತಂದು ಮರುವರ್ಷ ಗೂಗಲ್ ಪೇ ಎಂದು ಕರೆದ ಹಣ ಪಾವತಿಯ ಆ್ಯಪು ಉಜ್ಜಿ ನೋಡುವ ಚೀಟಿಗಳಿಂದಲೇ ಮನೆಮಾತಾಯಿತು. 2019ರ ದೀಪಾವಳಿಯಲ್ಲಿ ದೀಪ, ಹೂವು, ಜುಮುಕಿ, ಲಾಂದ್ರ, ರಂಗೋಲಿ ಎಂಬ ಐದು ಮುದ್ರೆಗಳನ್ನು ಕೂಡಿಸಿದವರಿಗೆ 251 ರೂಪಾಯಿ ಎಂದರು. ದೇಶದ ಜನ ರಂಗೋಲಿಯನ್ನು ಹುಡುಕುತ್ತ ಹಬ್ಬ ಕಳೆದರು. ಅದರಿಂದ ಯಾರ ಮನೆಯೂ ಮುಳುಗಲಿಲ್ಲ, ನಿಜ. ಆದರೆ ಅದೇ ಕುಟುಕುವ ಅಭ್ಯಾಸವನ್ನು ಅನ್ನ ಹುಟ್ಟುವ ದುಡಿಮೆಗೆ ಕಟ್ಟಿದಾಗ ಮಾತು ಬೇರೆಯಾಗುತ್ತದೆ. ಗಿರಾಕಿಗೆ ಅದು ಹಬ್ಬದ ವಿನೋದ. ಡೆಲಿವರಿ ಹುಡುಗನಿಗೆ ಬಾಡಿಗೆ ಹಣ.

ಅಂಗಡಿಯವರಿಗೆ ಸ್ಕೀಮಿನ ಕಥೆಯೂ ಹೊಸದಲ್ಲ. ಇಷ್ಟು ಪೆಟ್ಟಿಗೆ ಮಾಲು ಎತ್ತಿದರೆ ಬೆಳ್ಳಿ ನಾಣ್ಯ, ಇನ್ನಿಷ್ಟು ಎತ್ತಿದರೆ ಪ್ರವಾಸ ಎಂದು ಕಂಪನಿಗಳು ಟಾರ್ಗೆಟ್ ಇಡುತ್ತವೆ. ನಾಣ್ಯದ ಆಸೆಗೆ ಎತ್ತಿದ ಮಾಲು ಉಗ್ರಾಣದಲ್ಲಿ ಉಳಿದರೆ ಬಡ್ಡಿ ಕಟ್ಟುವವನು ಅಂಗಡಿಯವನು. ಸಣ್ಣ ಹೋಟೆಲಿನವನ ಪಾಡೂ ಹೀಗೆಯೇ. ಆ್ಯಪಿನ ಪಟ್ಟಿಯಲ್ಲಿ ಮೇಲಿರಬೇಕಾದರೆ ನಕ್ಷತ್ರ ಬೇಕು, ರಿಯಾಯಿತಿ ಬೇಕು. ರಿಯಾಯಿತಿಯ ಭಾರ ಹೊರುವವನು ಅವನು. 2019ರ ಆಗಸ್ಟಿನಲ್ಲಿ ದೇಶದ ಹಲವು ನಗರಗಳ ಹೋಟೆಲುಗಳು ಜೊಮ್ಯಾಟೊ ಗೋಲ್ಡ್ ಮುಂತಾದ ರಿಯಾಯಿತಿ ಯೋಜನೆಗಳಿಂದ ಒಟ್ಟಾಗಿ ಹೊರಗೆ ಬಂದು ಪ್ರತಿಭಟಿಸಿದವು. ಒಬ್ಬೊಬ್ಬನೇ ಹೊರಬಂದರೆ ಅವನ ವ್ಯಾಪಾರ ಪಕ್ಕದವನಿಗೆ ಹೋಗುತ್ತದೆ. ಎಲ್ಲರೂ ಸೇರಿ ಎದ್ದರೆ ಆಟ ಹೂಡಿದವನು ಮಾತಿಗೆ ಬರಬೇಕಾಗುತ್ತದೆ. ಅಂಗಡಿಯವನೂ ಡೆಲಿವರಿ ಹುಡುಗನೂ ಒಂದೇ ಆಟದ ಎರಡು ಕಾಯಿಗಳು. ಊಟ ತಡವಾಯಿತೆಂದು ಒಬ್ಬರನ್ನೊಬ್ಬರು ಬಯ್ದುಕೊಳ್ಳುವ ಮೊದಲು ಅವರು ಇದನ್ನು ನೆನೆಯಬೇಕು.

ಕಾಗೋಡಿನ ಪಾಠ

ಈ ವಿಷಯದಲ್ಲಿ ನ್ಯಾಯವಾವುದು, ಅನ್ಯಾಯವಾವುದು ಎಂದು ತೂಗಿ ನೋಡಲು ನಾವು ದೂರ ಹೋಗಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಹೆಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು. ಡಾಕ್ಟರ್ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಸತ್ಯಾಗ್ರಹದ ಬೇರಿನಲ್ಲಿದ್ದ ಪ್ರಶ್ನೆಗಳಲ್ಲಿ ಒಂದು ಕೊಳಗದ್ದು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಒಡೆಯನ ಮನೆಯದು, ಅದರ ಗಾತ್ರ ಒಡೆಯನ ಇಷ್ಟದ್ದು. ಬಾಯಲ್ಲಿ ಹೇಳುವ ಲೆಕ್ಕ ಅಷ್ಟೇ ಕೊಳಗ. ಕಣಜಕ್ಕೆ ಹೋಗುವ ಭತ್ತ ಮಾತ್ರ ಹೆಚ್ಚು. ಕೊಳಗ ಎಲ್ಲರಿಗೂ ಒಂದೇ ಆಗಲಿ, ನ್ಯಾಯದ ಅಳತೆಯದಾಗಲಿ ಎಂದು ಗೇಣಿದಾರರು ಕೇಳಿದರು.

ಇಂದಿನ ಆ್ಯಪು ಕಣ್ಣಿಗೆ ಕಾಣದ ಕೊಳಗ. ನಿನ್ನೆ ಇಷ್ಟು ಆರ್ಡರಿಗೆ ಸಿಗುತ್ತಿದ್ದ ಇನ್ಸೆಂಟಿವಿಗೆ ಇಂದು ಇನ್ನಷ್ಟು ಓಡಬೇಕೆಂದರೆ ಕೊಳಗ ಹಿಗ್ಗಿತೆಂದೇ ಅರ್ಥ. ಮರದ ಕೊಳಗವನ್ನು ತಂದು ಪಂಚರ ಮುಂದೆ ಇಟ್ಟು ಅಳೆದು ತೋರಿಸಬಹುದಾಗಿತ್ತು. ಇದನ್ನು ಹಿಡಿದು ತೋರಿಸಲು ಹಿಡಿಕೆಯೇ ಇಲ್ಲ. ಆದುದರಿಂದ ಎಲ್ಲಿಯೇ ಆಗಲಿ, ಯಾರೇ ಆಗಲಿ, ದುಡಿಮೆಯ ನಡುವೆ ಆಟ ತಂದಿಟ್ಟಾಗ ಮೂರು ಪ್ರಶ್ನೆ ಕೇಳಬೇಕು. ಅಳತೆ ಮಾಡಿದವರು ಯಾರು? ಆಡಲಾರೆನೆಂದು ಹೇಳಿದವನ ಕೂಲಿಗೆ ಕುಂದು ಬರುವುದಿಲ್ಲವೆ? ಹೆಚ್ಚಾಗಿ ದುಡಿದದ್ದರ ಫಲ ಯಾರ ಕಣಜಕ್ಕೆ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಆಟ ನಡೆಯಲಿ, ನಮ್ಮದೇನೂ ಅಡ್ಡಿಯಿಲ್ಲ. ಶಾಲೆಯ ಮಕ್ಕಳು ಚೌಕಾಬಾರ ಆಡಿ ಲೆಕ್ಕ ಕಲಿತರೆ ಬೇಡವೆನ್ನುವವರು ಯಾರು? ಅಲ್ಲಿ ಗೆದ್ದರೂ ಸೋತರೂ ವಿದ್ಯೆ ಮಗುವಿನದೇ.

ಹುಡುಗರೇ ಇಷ್ಟಪಟ್ಟು ಆಡುತ್ತಾರಲ್ಲ, ಚುರುಕಾದವನು ಎರಡು ಕಾಸು ಹೆಚ್ಚು ಸಂಪಾದಿಸಿದರೆ ನಿಮಗೇನು ಹೊಟ್ಟೆಯುರಿ ಎಂದು ಕೆಲವರು ಕೇಳುತ್ತಾರೆ. ಹೆಚ್ಚು ದುಡಿದವನಿಗೆ ಹೆಚ್ಚು ಸಿಗಲಿ. ಆದರೆ ಮೊದಲು ಸಾಧಾರಣವಾಗಿ ದುಡಿದವನ ಹೊಟ್ಟೆ ತುಂಬಲಿ. ಮೂಲ ಕೂಲಿಯನ್ನು ಕುಗ್ಗಿಸಿ, ಹೊಟ್ಟೆ ತುಂಬುವ ಭಾಗವನ್ನು ಬಹುಮಾನವೆಂದು ಕರೆದು, ಅದನ್ನು ಕೈಗೆಟುಕದ ಎತ್ತರದಲ್ಲಿ ತೂಗುಹಾಕಿದರೆ ಅದು ಬಹುಮಾನವಲ್ಲ, ಕಿತ್ತುಕೊಂಡ ಕೂಲಿ. ಕೆಂಪು ದೀಪ ದಾಟಿ ನುಗ್ಗುವ ಹುಡುಗನನ್ನು ಅವಸರಗೇಡಿಯೆಂದು ಬಯ್ಯುವುದು ಸುಲಭ. ಅವನ ಹಿಂದೆ ಕುಳಿತು ಆಕ್ಸಿಲೇಟರ್ ತಿರುವುವ ಕೈ ಯಾವುದೆಂದು ನೋಡುವವರು ಕಡಮೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪಟ್ಟಿಯಲ್ಲಿ ಪಕ್ಕದವನು ಎದುರಾಳಿಯಾದ ಮೇಲೆ ಅವನು ಸಂಗಾತಿಯಾಗಿ ಉಳಿಯುವುದು ಕಷ್ಟ. ಗಿರಣಿಯ ಬಾಗಿಲಲ್ಲಿ ಒಟ್ಟಿಗೆ ಚಹಾ ಕುಡಿದವರು ಸಂಘ ಕಟ್ಟಿದರು. ಒಬ್ಬೊಬ್ಬನೂ ಒಂದೊಂದು ಪರದೆಯ ಮುಂದೆ ಒಂಟಿಯಾಗಿ ಓಡುವವರು ಸಂಘ ಕಟ್ಟುವುದು ಯಾವಾಗ?

ಈಗ ಆಗಬೇಕಾದುದು

ಕರ್ನಾಟಕದಲ್ಲಿ ಒಂದು ಹೆಜ್ಜೆ ಇಟ್ಟಾಗಿದೆ. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣದ ಕಾಯಿದೆ 2025ರಲ್ಲಿ ಜಾರಿಗೆ ಬಂತು. ರಾಜಸ್ಥಾನ 2023ರಲ್ಲಿಯೇ ಇಂಥ ಕಾಯಿದೆ ಮಾಡಿತ್ತು. ನಮ್ಮ ಕಾಯಿದೆಯ ಪ್ರಕಾರ ಕಂಪನಿಗಳು ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ಬರೆದು ತಿಳಿಸದೆ, 14 ದಿನಗಳ ನೋಟೀಸು ಕೊಡದೆ ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಯಂತ್ರವೇ ಲೆಕ್ಕ ಹಾಕಿ ತೀರ್ಮಾನಿಸುವ ಏರ್ಪಾಡುಗಳ ವಿಷಯವನ್ನು ಕಾರ್ಮಿಕರಿಗೆ ತಿಳಿಸಬೇಕು. ಇದು ಒಳ್ಳೆಯದು. ಆದರೆ ಕನಿಷ್ಠ ಕೂಲಿ ಇಷ್ಟು ಎಂದು ಆ ಕಾಯಿದೆ ನಿಗದಿ ಮಾಡಿಲ್ಲ. ಕೂಲಿ ನಿಗದಿಯಾಗದ ತನಕ ಆಟದ ಹಿಡಿತ ಸಡಿಲವಾಗದು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಮೊದಲನೆಯದು, ಕಾಯುವ ಹೊತ್ತನ್ನೂ ಪೆಟ್ರೋಲಿನ ಖರ್ಚನ್ನೂ ಸೇರಿಸಿಕೊಂಡು ಕನಿಷ್ಠ ಕೂಲಿಯನ್ನು ಸರ್ಕಾರ ಗೊತ್ತುಮಾಡತಕ್ಕದ್ದು. ಬಹುಮಾನವೇನಿದ್ದರೂ ಅದರ ಮೇಲೆ. ಎರಡನೆಯದು, ಅಂಕ, ದರ್ಜೆ, ಇನ್ಸೆಂಟಿವಿನ ನಿಯಮಗಳನ್ನೆಲ್ಲ ಕನ್ನಡದಲ್ಲಿ ಬರೆದು ಮುಂಚಿತವಾಗಿ ಕೊಡತಕ್ಕದ್ದು. ಆಟದ ನಡುವೆ ಕೊಳಗ ಬದಲಿಸಕೂಡದು. ಮೂರನೆಯದು, ಕಾರ್ಮಿಕನ ಹೆಸರು ಹಾಕಿ ವೇಗದ ಪಟ್ಟಿಯನ್ನು ಗಿರಣಿಯಲ್ಲಾಗಲಿ ಗೋದಾಮಿನಲ್ಲಾಗಲಿ ಬಹಿರಂಗವಾಗಿ ತೂಗುಹಾಕಕೂಡದು. ನಾಲ್ಕನೆಯದು, ನಕ್ಷತ್ರ ಇಳಿಯಿತೆಂಬ ಕಾರಣದಿಂದ ಐಡಿ ಬ್ಲಾಕ್ ಮಾಡುವ ಮೊದಲು ಕಾರ್ಮಿಕನ ಮಾತನ್ನು ಮನುಷ್ಯನೊಬ್ಬ ಕೇಳತಕ್ಕದ್ದು. ಐದನೆಯದು, ಕೆಲಸದ ಪ್ರಮಾಣವನ್ನು ಸಂಘದೊಡನೆ ಕುಳಿತು ತೀರ್ಮಾನಿಸತಕ್ಕದ್ದು. ಇವು ಆಗದ ಮಾತುಗಳೆಂದು ಯಾರೂ ಹೇಳಬೇಕಾಗಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯವು 2021ರಲ್ಲಿ ಮಾಡಿದ ಕಾಯಿದೆಯಲ್ಲಿ, ದೊಡ್ಡ ಗೋದಾಮುಗಳವರು ಕೆಲಸದ ಪ್ರಮಾಣವನ್ನು ಕಾರ್ಮಿಕರಿಗೆ ಬರೆದು ತಿಳಿಸಬೇಕೆಂದೂ ಊಟ, ವಿಶ್ರಾಂತಿ, ಶೌಚಕ್ಕೆ ಅಡ್ಡಿಯಾಗುವ ಪ್ರಮಾಣ ಸಲ್ಲದೆಂದೂ ವಿಧಿಸಿದೆ. ಬಂಡವಾಳದ ತವರಿನಲ್ಲಿ ಆದದ್ದು ನಮ್ಮಲ್ಲೇಕೆ ಆಗಬಾರದು?

ಗಿರಣಿಯ ಸಂಗಾತಿಗಳಿಗೆ ಕೊನೆಯದಾಗಿ ಒಂದು ಮಾತು. ಈ ಹುಡುಗರು ನಮ್ಮ ಸಂಘದ ಪಟ್ಟಿಯಲ್ಲಿಲ್ಲ, ಇವರ ಕಂಪನಿಯ ಕಚೇರಿ ನಮ್ಮ ಊರಿನಲ್ಲಿಲ್ಲ ಎಂದು ಸುಮ್ಮನಿರಬೇಡಿ. ಇಂದು ಬೈಕಿನ ಮೇಲಿರುವ ಪರದೆ ನಾಳೆ ನಿಮ್ಮ ರಿಂಗ್ ಫ್ರೇಮಿನ ತಲೆಯ ಮೇಲೆ ಬರಲಾರದೆಂದು ಯಾರು ಹೇಳಿಯಾರು? ವ್ಯಾಪಾರಿ ಬಂಧುಗಳಿಗೂ ಇದೇ ಮಾತು. ಅಂಗಡಿಯ ಮುಂದೆ ಆರ್ಡರಿಗೆ ಕಾಯುವ ಹುಡುಗನಿಗೆ ಕೂರಲು ಒಂದು ಬೆಂಚು, ಕುಡಿಯಲು ಒಂದು ಲೋಟ ನೀರು ಕೊಡಿ. ಭಾನುವಾರದ ಸಂಘದ ಸಭೆಗೆ ಅವನನ್ನೂ ಕರೆಯಿರಿ. ಕಾಗೋಡಿನವರು ಭತ್ತ ಬೆಳೆಯುವುದಿಲ್ಲವೆಂದು ಹೇಳಲಿಲ್ಲ, ಕೊಳಗ ಸರಿಯಿರಲಿ ಎಂದರು. ನಾವೂ ದುಡಿಯುವುದಿಲ್ಲವೆಂದು ಹೇಳುತ್ತಿಲ್ಲ. ಅಳೆಯುವಾಗ ನಮ್ಮ ಕಣ್ಣೆದುರಿಗೇ ಅಳೆಯಿರಿ ಎಂದು ಕೇಳುತ್ತಿದ್ದೇವೆ.